ನಿಮಗಿದು ಗೊತ್ತೇ? ಕುದುರೆಯ ಹಟ, ಸವಾರನ ಸೊಂಟ

ಕುದುರೆ ಮೊಂಡು ಹಿಡಿದು ನಿಂತರೆ ಚಾವಟಿ ಹುಡುಕುವ ಮೊದಲು ಅದರ ಬಾಯಿ ತೆರೆಸಿ ನೋಡಬೇಕು. ಕುದುರೆಯ ಹಲ್ಲು ವರ್ಷಾನುಗಟ್ಟಲೆ ಮೇಲೇಳುತ್ತಲೇ ಇರುತ್ತದೆ. ಸಮನಾಗಿ ಸವೆಯದಿದ್ದರೆ ಅಂಚು ಚೂಪಾಗಿ ಕೆನ್ನೆಯನ್ನು ಕೊರೆಯುತ್ತದೆ. ಅಂಥ ಬಾಯಿಗೆ ಕಡಿವಾಣ ಹಾಕಿ ಜಗ್ಗಿದರೆ ಯಾವ ಪ್ರಾಣಿ ತಾನೇ ಹೆಜ್ಜೆ ಕಿತ್ತೀತು?

ಹೊಟ್ಟೆಯದೂ ಒಂದು ತಕರಾರು. ಕುದುರೆಯ ಜಠರದಲ್ಲಿ 24 ಗಂಟೆಯೂ ಆಮ್ಲ ಒಸರುತ್ತಿರುತ್ತದೆ. ಮೇವಿಲ್ಲದೆ ಲಾಯದಲ್ಲಿ ಬಹಳ ಹೊತ್ತು ಕಟ್ಟಿಹಾಕಿದರೆ ಹುಣ್ಣಾಗುತ್ತದೆ.

ಸವಾರಿಯ ವೇಳೆ ಕುದುರೆಗೆ ನೋವಿದೆಯೇ ಎಂದು ತಿಳಿಯಲು ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಸಂಗಡಿಗರು 2018ರಲ್ಲಿ 24 ಲಕ್ಷಣಗಳ ಪಟ್ಟಿ ಪ್ರಕಟಿಸಿದರು. ಕಿವಿ ಹಿಂದಕ್ಕೆ ಮಡಿಸುವುದು, ಬಾಲ ಬೀಸುವುದು, ಮುಂದೆ ಹೋಗಲು ಒಲ್ಲೆನೆನ್ನುವುದು ಎಲ್ಲ ಅದರಲ್ಲಿವೆ. 8 ಅಥವಾ ಅದಕ್ಕಿಂತ ಹೆಚ್ಚು ಕಂಡರೆ ನೋವಿರುವ ಸಂಭವ ಜಾಸ್ತಿ. ನಾವು ‘ಹಟ’ ಎಂದು ಬೈಯುವುದರಲ್ಲಿ ಬಹುಪಾಲು ಈ ಪಟ್ಟಿಯಲ್ಲೇ ಸಿಗುತ್ತದೆ.

ನೋವಿಲ್ಲ, ಆದರೂ ಹೊರಡದು. ಆಗ? ಮೀನಖಂಡದಿಂದ ಮೆಲ್ಲಗೆ ಒತ್ತಿ. ಒಂದೇ ಹೆಜ್ಜೆ ಇಟ್ಟರೂ ತಕ್ಷಣ ಬಿಡಿ. ಆ ಬಿಡುಗಡೆಯೇ ಅದರ ಕೂಲಿ. ಒತ್ತುತ್ತಲೇ ಇದ್ದರೆ ಕುದುರೆ ನಿಮ್ಮ ಕಾಲಿಗೆ ಕಿವುಡಾಗುತ್ತದೆ.

ಕುದುರೆ ಪಳಗಿಸುವ ಅತಿ ಹಳೆಯ ಪಾಠಗಳಲ್ಲೊಂದು ಟರ್ಕಿಯ ಹತ್ತುಷದಲ್ಲಿ ಮಣ್ಣಿನ ಫಲಕಗಳ ಮೇಲೆ ಸಿಕ್ಕಿತು. ಬರೆಸಿದವನು ಮಿತನ್ನಿ ದೇಶದ ಕಿಕ್ಕುಲಿ, ಕ್ರಿಸ್ತಪೂರ್ವ 14ನೇ ಶತಮಾನದ ಆಸುಪಾಸಿನವನು. ರಥದ ಕುದುರೆಗಳನ್ನು ಸುತ್ತು ಹಾಕಿಸುವ ಲೆಕ್ಕಕ್ಕೆ ಅವನು ಬಳಸಿದ ಮಾತು: ಐಕವರ್ತನ್ನ, ತೇರವರ್ತನ್ನ, ಪಂಜವರ್ತನ್ನ. ನಮ್ಮ ಏಕ, ತ್ರಿ, ಪಂಚ ಅಷ್ಟು ದೂರದ ಲಾಯದಲ್ಲಿ!

ಬೆದರಿದ ಕುದುರೆಗೆ ಹೊಡೆದರೆ, ಹೆದರಿಸಿದ ವಸ್ತುವೇ ನೋವು ಕೊಟ್ಟಿತೆಂದು ಅದು ತಿಳಿಯುತ್ತದೆ. ಸುಮಾರು 2,350 ವರ್ಷಗಳ ಹಿಂದೆಯೇ ಗ್ರೀಸಿನ ಕ್ಸೆನೊಫನ್ ಇದನ್ನು ಬರೆದಿಟ್ಟ. ರಿಕಾಪು ಎಂಬುದನ್ನೇ ಕಾಣದ ಸವಾರ ಅವನು.

ದಸರೆಗೆ ಮುನ್ನ ಮೈಸೂರಿನಲ್ಲಿ ಕುಶಾಲತೋಪಿನ ತಾಲೀಮು ನಡೆಯುವುದೂ ಇಂಥ ಅಂಜಿಕೆ ಬಿಡಿಸಲಿಕ್ಕೇ. ಆನೆಗಳ ಜೊತೆ ಅಶ್ವಾರೋಹಿ ದಳದ ಕುದುರೆಗಳನ್ನೂ ನಿಲ್ಲಿಸಿ ಫಿರಂಗಿ ಸಿಡಿಸುತ್ತಾರೆ, ಸದ್ದು ಮಾಮೂಲಾಗುವ ತನಕ.

ಇನ್ನು ಮೇಲೆ ಕೂತವರ ಕಥೆ. ನೊಣ ಕೂತರೂ ಚರ್ಮ ಅದುರಿಸುವ ಪ್ರಾಣಿಗೆ ಸವಾರ ಉಸಿರು ಬಿಗಿಹಿಡಿದದ್ದು ತಿಳಿಯದೇ? ಸ್ವೀಡನ್ನಿನಲ್ಲಿ ‘ಈ ಸುತ್ತಿನಲ್ಲಿ ಕೊಡೆ ಬಿಚ್ಚುತ್ತೇವೆ’ ಎಂದು ಸವಾರರಿಗೆ ಹೇಳಿ, ಕೊಡೆ ಬಿಚ್ಚದೆ ಸುಮ್ಮನಿದ್ದರು. ಸವಾರರ ಎದೆಬಡಿತ ಏರಿತು, ಕುದುರೆಗಳದೂ ಏರಿತು! 2009ರಲ್ಲಿ ಪ್ರಕಟವಾದ ಅಧ್ಯಯನ ಇದು.

ಕುದುರೆಯ ತಾಳ ಗೊತ್ತೇ? ನಡಿಗೆಗೆ ನಾಲ್ಕು ಪೆಟ್ಟು, ಕುಕ್ಕುಲೋಟಕ್ಕೆ ಎರಡು, ಕ್ಯಾಂಟರ್ ಎಂಬ ಹದವಾದ ಓಟಕ್ಕೆ ಮೂರು. ಮೃದಂಗ ಕಲಿತವರಿಗೆ ಸವಾರಿ ಬೇಗ ಒಲಿದೀತೆಂಬುದು ನನ್ನ ಗುಮಾನಿ.

ವಿಯೆನ್ನಾದ ಸ್ಪ್ಯಾನಿಶ್ ರೈಡಿಂಗ್ ಸ್ಕೂಲಿನಲ್ಲಿ ಹೊಸಬರ ಕೈಗೆ ಮೊದಲು ಲಗಾಮೇ ಸಿಗುವುದಿಲ್ಲ. ಉದ್ದ ಹಗ್ಗದಲ್ಲಿ ಸುತ್ತುವ ಕುದುರೆಯ ಮೇಲೆ, ರಿಕಾಪೂ ಇಲ್ಲದೆ, ತಿಂಗಳುಗಟ್ಟಲೆ ಕೂರಬೇಕು. ಹಿಡಿದುಕೊಳ್ಳಲು ಏನೂ ಇಲ್ಲದಾಗ ಸೊಂಟ ತಾನಾಗಿ ಸಡಿಲಗೊಂಡು ಕುದುರೆಯ ಬೆನ್ನಿನ ಜೊತೆ ತೂಗಲು ಕಲಿಯುತ್ತದೆ.

ವಯಸ್ಸಾಯಿತೆನ್ನುವವರಿಗೆ: ಜಪಾನಿನ ಸವಾರ ಹಿರೋಶಿ ಹೊಕೆತ್ಸು 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿದ್ದರು. 2012ರ ಲಂಡನ್ನಿನಲ್ಲೂ ಇದ್ದರು, 71ರ ಹರೆಯದಲ್ಲಿ.

ಡೆನ್ಮಾರ್ಕಿನ ಲಿಸ್ ಹಾರ್ಟೆಲ್‌ಗೆ 1944ರಲ್ಲಿ ಪೋಲಿಯೊ ಬಡಿದು ಮಂಡಿಯಿಂದ ಕೆಳಗೆ ಸ್ವಾಧೀನವೇ ಉಳಿಯಲಿಲ್ಲ. ಒತ್ತಲು ಕಾಲಿಲ್ಲ, ಜ್ಯೂಬಿಲಿ ಎಂಬ ಹೆಣ್ಣುಕುದುರೆಗೆ ಆಕೆ ಬೆನ್ನಿನಿಂದ, ಮೈಭಾರದಿಂದಲೇ ಹೇಳಿಕೊಟ್ಟರು. ಕುದುರೆಯ ನಡೆಯ ನಾಜೂಕು ನೋಡುವ ಡ್ರೆಸಾಜ್ ಸ್ಪರ್ಧೆಗೆ ಹೆಂಗಸರನ್ನು ಮೊದಲ ಬಾರಿ ಸೇರಿಸಿಕೊಂಡ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು, 1956ರಲ್ಲಿ ಮತ್ತೊಂದು. ಕುದುರೆ ಹತ್ತಲು, ಇಳಿಯಲು ಮಾತ್ರ ಅವರಿಗೆ ಬೇರೆಯವರ ಕೈ ಬೇಕಿತ್ತು.