ಅರ ಹಿಡಿಯುವ ಮೊದಲು ಐದು ಗುಂಡು

ಎನ್‌ಸಿಸಿ ಫೈರಿಂಗ್ ದಿನ ಟಾರ್ಗೆಟ್ ಹಾಳೆ ಕೈಗೆ ಬಂದ ಕೂಡಲೇ ಕೆಡೆಟ್‌ಗಳ ಬಾಯಿಂದ ಬರುವ ಮೊದಲ ಮಾತು ಎಲ್ಲ ಬ್ಯಾಚಿನಲ್ಲೂ ಒಂದೇ: ‘ರೈಫಲ್ ಬರೋಬ್ಬರಿ ಇಲ್ಲ ಉಸ್ತಾದ್.’ ಬೀದರ್‌ನಲ್ಲಿ ಮೂರು ವರ್ಷ ಎನ್‌ಸಿಸಿಯಲ್ಲಿದ್ದ ನಾನು ಈ ಮಾತನ್ನು ಎಷ್ಟು ಸಲ ಕೇಳಿದೆನೋ ಲೆಕ್ಕ ಇಟ್ಟಿಲ್ಲ. ತರಬೇತಿ ಕೊಡುವ ಹವಾಲ್ದಾರರ ಉತ್ತರವೂ ಒಂದೇ: ‘ಪೆಹಲೇ ಗ್ರೂಪ್ ದಿಖಾವ್.’

ಗ್ರೂಪ್ ಅಂದರೆ ಒಂದೇ ಬಿಂದುವಿಗೆ ಗುರಿಯಿಟ್ಟು ಹೊಡೆದ ಐದು ಗುಂಡುಗಳ ತೂತು. ಅವು ಹಾಳೆಯ ತುಂಬ ಚದುರಿದ್ದರೆ ಬಂದೂಕಿನ ಮೇಲೆ ದೂರು ಹೇಳುವ ಹಾಗಿಲ್ಲ. ಐದೂ ಒಂದೇ ಕಡೆ ಒತ್ತಾಗಿ ಬಿದ್ದು, ಆ ಜಾಗ ಮಾತ್ರ ನಡುವಿನಿಂದ ದೂರ ಇದ್ದರೆ ಆಗ ಸೈಟ್ ಮೇಲೆ ಅನುಮಾನ ಪಡಬಹುದು. ಅನುಮಾನ ಮಾತ್ರ. ಏಕೆಂದರೆ ಟ್ರಿಗರನ್ನು ಪ್ರತಿ ಸಲವೂ ಒಂದೇ ರೀತಿ ಜಗ್ಗುವವನ ಗುಂಡುಗಳೂ ಒಂದೇ ಕಡೆ ಬೀಳುತ್ತವೆ. ಬಲಗೈಯವರದ್ದಾದರೆ ಸಾಮಾನ್ಯವಾಗಿ ಎಡಕ್ಕೆ, ಕೆಳಗೆ.

ಸೈನ್ಯದ ಹಿಂದಿಯಲ್ಲಿ ಗುರಿ ಹಿಡಿಯುವುದಕ್ಕೆ ‘ಶಿಸ್ತ್ ಲೇನಾ’ ಎನ್ನುತ್ತಾರೆ. ಔರಾದ್ ಕಡೆ ಮನೆಯಲ್ಲಿ ಮರಾಠಿ ಆಡುವವರಿಗೆ ಇದು ಹೊಸ ಪದವಲ್ಲ. ಮರಾಠಿಯಲ್ಲಿ ಶಿಸ್ತ್ ಅಂದರೆ ಗುರಿಯೂ ಹೌದು, ನಾವು ಕನ್ನಡದಲ್ಲಿ ಹೇಳುವ ಶಿಸ್ತೂ ಹೌದು. ಹಿಂದಿನ ಸೈಟ್‌ನ ಸಂದಿನ ನಡುವೆ ಮುಂದಿನ ಸೈಟ್‌ನ ತುದಿ ನಿಲ್ಲಬೇಕು. ಎರಡೂ ಬದಿ ಸಮ ಬೆಳಕು ಕಾಣಬೇಕು. ಮೇಲಿನ ಅಂಚು ಎರಡಕ್ಕೂ ಒಂದೇ ಮಟ್ಟ. ಹತ್ತಿರದ ಸೈಟ್, ದೂರದ ಸೈಟ್, ಅದಕ್ಕಿಂತ ದೂರದ ಟಾರ್ಗೆಟ್ ಮೂರನ್ನೂ ಕಣ್ಣು ಒಟ್ಟಿಗೆ ಸ್ಪಷ್ಟವಾಗಿ ನೋಡಲಾರದು. ಆದ್ದರಿಂದ ನೋಟ ಮುಂದಿನ ತುದಿಯ ಮೇಲಿರಬೇಕು, ಟಾರ್ಗೆಟ್ ಮಸುಕಾದರೂ ಚಿಂತೆಯಿಲ್ಲ. ಹೊಸಬರಿಗೆ ಇದನ್ನು ನಂಬಿಸುವುದೇ ಕಷ್ಟ.

ಕಾಲೇಜು ಹುಡುಗರಿಗೆ ಇದೆಲ್ಲ ಯಾಕೆ ಬೇಕು ಎಂದರೆ, ಫೈರಿಂಗ್ ನಮಗೆ ಬರೀ ಮೋಜಲ್ಲ. ‘ಸಿ’ ಸರ್ಟಿಫಿಕೇಟ್ ಮತ್ತು ಪದವಿಯಲ್ಲಿ ಬೇಕಾದಷ್ಟು ಅಂಕ ಇದ್ದರೆ ಎನ್‌ಸಿಸಿ ವಿಶೇಷ ಪ್ರವೇಶದಲ್ಲಿ ಸಿಡಿಎಸ್ ಲಿಖಿತ ಪರೀಕ್ಷೆಯಿಲ್ಲದೆ ನೇರ ಎಸ್‌ಎಸ್‌ಬಿ ಸಂದರ್ಶನಕ್ಕೆ ಹೋಗಬಹುದು. ಶೂಟಿಂಗ್ ತಂಡಕ್ಕೆ ಆಯ್ಕೆಯಾದವರಿಗೆ ಮೇಲಿನ ಹಂತದ ಸ್ಪರ್ಧೆಗಳ ದಾರಿಯೂ ತೆರೆಯುತ್ತದೆ. ಮುಂಜಾನೆಯ ಬಸ್ಸಿಗೆ ಔರಾದ್‌ನಿಂದ ಸಂತಪುರ ದಾಟಿ ಬೀದರ್‌ಗೆ ಬರುತ್ತಿದ್ದ ನನ್ನ ಗೆಳತಿಯೊಬ್ಬಳಿಗೆ ಆ ತಂಡದ ಆಸೆ ಇತ್ತು. ಆಯ್ಕೆಯ ಹಿಂದಿನ ದಿನ 25 ಮೀಟರ್‌ನಲ್ಲಿ ಅವಳ ಐದು ಗುಂಡುಗಳೂ ನಡುವಿನಿಂದ ಎರಡು ಇಂಚು ಬಲಕ್ಕೆ ಬಿದ್ದವು. ಗುಂಪು ಚಂದ ಇತ್ತು, ಜಾಗ ತಪ್ಪಿತ್ತು.

ಉಸ್ತಾದರು ಖಾಲಿ ರೈಫಲ್‌ನ ನಳಿಗೆಯ ತುದಿಗೆ ಒಂದು ರೂಪಾಯಿ ನಾಣ್ಯ ಇಟ್ಟು ಟ್ರಿಗರ್ ಒತ್ತಲು ಹೇಳಿದರು. ಹತ್ತು ಸಲ ಒತ್ತಿದಳು, ನಾಣ್ಯ ಬೀಳಲಿಲ್ಲ. ಆಮೇಲೆ ಅದೇ ರೈಫಲ್‌ನಲ್ಲಿ ತಾವೇ ಐದು ಗುಂಡು ಹೊಡೆದರು. ಅವರದ್ದೂ ಬಲಕ್ಕೇ ಬಿದ್ದವು! ಸೈಟ್ ತಿದ್ದುವುದು ಕೆಡೆಟ್ ಕೆಲಸವಲ್ಲ, ಅದಕ್ಕೆ ಆರ್ಮರರ್ ಇರುತ್ತಾನೆ. ಹಾಗಾಗಿ ಮರುದಿನ ಅವಳು ನಡುವಿನಿಂದ ಎರಡು ಇಂಚು ಎಡಕ್ಕೆ ಗುರಿಯಿಟ್ಟಳು. ಕಣ್ಣೆದುರಿನ ಕಪ್ಪು ವೃತ್ತ ಬಿಟ್ಟು ಬಿಳಿ ಹಾಳೆಗೆ ಗುರಿಯಿಡಲು ಎಷ್ಟು ಧೈರ್ಯ ಬೇಕು ಅನ್ನುವುದು ಹೊಡೆದವರಿಗೇ ಗೊತ್ತು. ಪಟ್ಟಿಯಲ್ಲಿ ಅವಳ ಹೆಸರು ನಾಲ್ಕನೆಯದಾಗಿ ಬಂತು. ಆ ರೈಫಲ್‌ನ ಬಟ್ ನಂಬರನ್ನು ನೋಟ್‌ಬುಕ್ಕಿನ ಹಿಂಬದಿ ಬರೆದುಕೊಂಡಳು.

ಇದೇ ಪಾಠ ನನಗೆ ಭಾಲ್ಕಿಯಲ್ಲಿ ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬಂತು. ನನ್ನ ಸೋದರಮಾವ ಸೈನ್ಯದಿಂದ ನಿವೃತ್ತರು. ಅವರ ಬಳಿ ಲೈಸೆನ್ಸ್ ಇರುವ .32 ರಿವಾಲ್ವರ್ ಇದೆ. ಚುನಾವಣೆ ಘೋಷಣೆಯಾದಾಗಲೆಲ್ಲ ಠಾಣೆಗೆ ಒಪ್ಪಿಸಿ ಮತ್ತೆ ತರುವುದು ಬಿಟ್ಟರೆ ಅದು ಕಪಾಟಿನಲ್ಲೇ ಇರುತ್ತದೆ. ಒಮ್ಮೆ ಹೈದರಾಬಾದಿನ ರೇಂಜ್‌ನಲ್ಲಿ ಹೊಡೆದಾಗ ಗುಂಡುಗಳು ಎಡಕ್ಕೆ, ಕೆಳಗೆ ಹೋದವು. ಅಲ್ಲಿನ ಬಂದೂಕು ರಿಪೇರಿಯವರೊಬ್ಬರು ಹಾಳೆಯನ್ನೂ ಸರಿಯಾಗಿ ನೋಡದೆ ‘ಮುಂದಿನ ಸೈಟ್ ಉಜ್ಜಿ ಕೊಡ್ತೀನಿ’ ಅಂದರಂತೆ. ಮಾಮಾ ಒಪ್ಪದೆ ಮನೆಗೆ ಬಂದು ನನ್ನ ಕೈಗೆ ಹಾಳೆ ಕೊಟ್ಟರು: ‘ನೋಡಪಾ, ನೀನೂ ಎನ್‌ಸಿಸಿ ಮಾಡೀದಿ. ಇದು ನನ್ನ ಕೈಯೊ, ಸೈಟೊ?’

ಇಂಥ ರಿವಾಲ್ವರ್‌ಗಳಲ್ಲಿ ಸೈಟ್‌ಗೆ ಸ್ಕ್ರೂ ಇರುವುದಿಲ್ಲ. ಕೌಬಾಯ್ ಸಿನಿಮಾಗಳ 1873ರ ಕೋಲ್ಟ್ ಸಿಂಗಲ್ ಆ್ಯಕ್ಷನ್ ರಿವಾಲ್ವರ್‌ನಲ್ಲಿ ಇರುವ ಹಾಗೆಯೇ ಹಿಂದೆ ಚೌಕಟ್ಟಿನಲ್ಲಿ ಕೊರೆದ ಒಂದು ಗೀರು, ಮುಂದೆ ನಳಿಗೆಯ ಮೇಲೆ ಒಂದು ತೆಳು ಹಲ್ಲು, ಅಷ್ಟೇ. ತಿದ್ದಬೇಕಾದರೆ ಲೋಹವನ್ನೇ ತೆಗೆಯಬೇಕು. ತೆಗೆದ ಲೋಹ ಮತ್ತೆ ಬರುವುದಿಲ್ಲ.

ಮುಂದಿನ ಸಲ ಮಾಮಾ ರೇಂಜ್‌ಗೆ ಹೋದಾಗ ನಾನೂ ಜೊತೆಗಿದ್ದೆ. ಮುಂಗೈಗಳನ್ನು ಮರಳಿನ ಚೀಲದ ಮೇಲೆ ಊರಿ, ಪ್ರತಿ ಸಲ ಹೆಬ್ಬೆರಳಿನಿಂದ ಕುದುರೆ ಎಳೆದು ಹೊಡೆದರು. ಸಿಂಗಲ್ ಆ್ಯಕ್ಷನ್ ಅಂದರೆ ಇದೇ. ಟ್ರಿಗರ್ ಹಗುರಾಗುತ್ತದೆ, ಕೈ ಅಲುಗುವುದು ಕಡಿಮೆ. ಆಮೇಲೆ ರೇಂಜ್ ಅಧಿಕಾರಿ ಸಿಲಿಂಡರಿನಲ್ಲಿ ಮಾಮಾಗೆ ತೋರಿಸದೆ ಗುಂಡುಗಳ ನಡುವೆ ಎರಡು ಖಾಲಿ ಕೋಶ ಸೇರಿಸಿಟ್ಟರು. ಖಾಲಿ ಕೋಶದ ಸರದಿ ಬಂದಾಗ ಕುದುರೆ ಟಕ್ ಎಂದಿತು, ನಳಿಗೆಯ ಮೂತಿ ಎಡಕ್ಕೆ ಬಾಗಿತು. ಅದನ್ನು ಎಲ್ಲರೂ ನೋಡಿದರು, ಮಾಮಾ ಕೂಡ. ಹತ್ತು ನಿಮಿಷ ಸುಮ್ಮನೆ ಕೂತು ಮತ್ತೆ ಹೊಡೆದಾಗ ಎಡದ ದೋಷ ಮಾಯ! ಕೆಳಗಿನದು ಉಳಿಯಿತು. ಅಧಿಕಾರಿ ಹೊಡೆದಾಗಲೂ 10 ಮೀಟರ್‌ಗೆ 4 ಸೆಂಟಿಮೀಟರ್ ಕೆಳಗೇ ಬಿದ್ದವು. ಹಾಗಾದರೆ ಅರ್ಧ ತಪ್ಪು ಕೈಯದು, ಅರ್ಧ ಸೈಟ್‌ನದು.

ಇಲ್ಲಿ ಒಂದು ನಿಯಮವಿದೆ, ಮೊದಲು ಕೇಳಿದಾಗ ಉಲ್ಟಾ ಅನ್ನಿಸುತ್ತದೆ. ಗುಂಡು ಎತ್ತ ತಪ್ಪಿ ಬೀಳುತ್ತದೋ ಮುಂದಿನ ಸೈಟ್ ಅತ್ತಲೇ ಸರಿಯಬೇಕು. ಗುಂಡು ಕೆಳಗೆ ಹೋಗುತ್ತಿದ್ದರೆ ಹಲ್ಲು ತಗ್ಗಬೇಕು. ಹಲ್ಲು ಎತ್ತರವಿದ್ದಷ್ಟೂ ಅದನ್ನು ಹಿಂದಿನ ಗೀರಿನ ಮಟ್ಟಕ್ಕೆ ತರಲು ನಾವು ಮೂತಿ ಬಾಗಿಸುತ್ತೇವೆ. ತಗ್ಗಿಸಿದರೆ ಮೂತಿ ಏಳುತ್ತದೆ. ಗುಂಡು ಮೇಲೆ ಹೋಗುತ್ತಿದ್ದರೆ ಅರದಿಂದ ಏನೂ ಆಗದು, ಎತ್ತರದ ಹೊಸ ಹಲ್ಲೇ ಬೇಕು. ಎಡ ಬಲದ ದೋಷಕ್ಕೆ ನಳಿಗೆಯನ್ನೇ ಚೌಕಟ್ಟಿನಲ್ಲಿ ಕೂದಲೆಳೆಯಷ್ಟು ತಿರುಗಿಸುತ್ತಾರೆ. ನಮ್ಮ ಬೀದರ್ ಕೋಟೆಯ ಬುರುಜಿನ ತೋಪುಗಳಲ್ಲೂ ಗುರಿ ತಿದ್ದಲು ತೋಪನ್ನೇ ಹೊರಳಿಸಬೇಕಿತ್ತು, ಅಂದಮೇಲೆ ಇದು ಹಳೆಯ ವಿದ್ಯೆಯೇ.

ಎಷ್ಟು ಉಜ್ಜಬೇಕು? ಇದಕ್ಕೆ ಎಸ್‌ಎಸ್‌ಎಲ್‌ಸಿಯ ಸಮರೂಪ ತ್ರಿಭುಜ ಸಾಕು. ಎರಡು ಸೈಟ್‌ಗಳ ನಡುವಿನ ಅಂತರವನ್ನು ತಪ್ಪಿನ ಅಳತೆಯಿಂದ ಗುಣಿಸಿ ಟಾರ್ಗೆಟ್ ದೂರದಿಂದ ಭಾಗಿಸಬೇಕು. ಮಾಮಾನ ರಿವಾಲ್ವರ್‌ನಲ್ಲಿ ಸೈಟ್‌ಗಳ ಅಂತರ 130 ಮಿಲಿಮೀಟರ್, ತಪ್ಪು 40, ದೂರ 10,000. ಬಂದ ಉತ್ತರ 0.52. ಬರೀ ಅರ್ಧ ಮಿಲಿಮೀಟರ್! ಐಟಿಐ ಫಿಟ್ಟರ್ ಕಲಿತವರಿಗೆ ಗೊತ್ತು, ಅರದ ನಾಲ್ಕು ಎಳೆತ ಹೆಚ್ಚಾದರೂ ಅದು ದಾಟಿಹೋಗುತ್ತದೆ.

ಇನ್ನೊಂದು ಮಾತು ಇದೆ. ಭಾರದ ಗುಂಡು ನಿಧಾನವಾಗಿ ನಳಿಗೆ ಬಿಡುತ್ತದೆ, ಅಷ್ಟರಲ್ಲಿ ಹಿಮ್ಮೆಟ್ಟಿನಿಂದ ಮೂತಿ ಇನ್ನಷ್ಟು ಎದ್ದಿರುತ್ತದೆ. ಹೀಗಾಗಿ ಹತ್ತಿರದ ದೂರದಲ್ಲಿ ಭಾರದ ಗುಂಡು ಸಾಮಾನ್ಯವಾಗಿ ಮೇಲೆ ಬೀಳುತ್ತದೆ. ಅರ ಹಿಡಿಯುವ ಮೊದಲು ಗುಂಡು ಬದಲಿಸಿ ನೋಡುವುದು ಜಾಣತನ. ನಮ್ಮಲ್ಲಿ .32ಕ್ಕೆ ಆ ಆಯ್ಕೆ ಕಡಿಮೆ, ಮಾಮಾಗೆ ಸಿಗಲಿಲ್ಲ.

ಮನೆಯಲ್ಲಿ ಅರ ಇದೆ, ಆದರೂ ಮಾಮಾ ಮುಟ್ಟಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕು ರಿಪೇರಿಗೂ ಲೈಸೆನ್ಸ್ ಕೇಳುತ್ತದೆ. ಬೇರೊಬ್ಬ ಲೈಸೆನ್ಸ್ ಇರುವ ಕುಶಲಿಗೆ ನನ್ನ ಲೆಕ್ಕದ ಚೀಟಿ ಕೊಟ್ಟರು. ಆತ ಚೀಟಿ ನೋಡಿ ನಕ್ಕ, ಆದರೆ ವರ್ನಿಯರ್ ಹಿಡಿದು ಅಳೆದ. ಮೊದಲು 0.2 ಉಜ್ಜಿ ಐದು ಗುಂಡು, ಮತ್ತೆ 0.2 ಉಜ್ಜಿ ಐದು ಗುಂಡು. ಹಲ್ಲಿನ ತುದಿ ಮಟ್ಟಸವಾಗಿರುವಂತೆ ನೋಡಿಕೊಂಡು, ಬಿಸಿಲಿಗೆ ಹೊಳೆಯದಂತೆ ಕಪ್ಪು ಮಾಡಿದ. ಗುಂಪು ಈಗ ನಡುವಿನಿಂದ ಒಂದು ಸೆಂಟಿಮೀಟರಿನಷ್ಟೇ ಕೆಳಗಿದೆ. ಉಳಿದದ್ದನ್ನೂ ತೆಗೆಯಲೇ ಎಂದು ಕೇಳಿದಾಗ ಮಾಮಾ ಬೇಡ ಅಂದರು. ಮುಂದೆ ಎಂದಾದರೂ ಸ್ವಲ್ಪ ಭಾರದ ಗುಂಡು ಸಿಕ್ಕರೆ ಆ ಒಂದು ಸೆಂಟಿಮೀಟರ್ ಬೇಕಾಗಬಹುದಂತೆ.