ಬಾಳೆದಿಂಡು, ಲಂಟಾನ ಮತ್ತು ‘ಬಿಟ್ಟಿ’ ಕಚ್ಚಾವಸ್ತುವಿನ ಲೆಕ್ಕ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ತೋಟಗಳಲ್ಲಿ ಬಾಳೆಗೊನೆ ಕಡಿದ ಬಳಿಕ ಉಳಿಯುವ ದಿಂಡು ಬಹುಮಟ್ಟಿಗೆ ಬದುವಿನ ಮೇಲೆಯೇ ಕೊಳೆಯುತ್ತದೆ. ಅದೇ ಜಿಲ್ಲೆಯ ಕಾಡುಗಳಲ್ಲಿ ಲಂಟಾನ ಪೊದೆ ಹುಲ್ಲನ್ನೂ ಎಳೆಯ ಸಸಿಗಳನ್ನೂ ಅಡಗಿಸಿ ಹಬ್ಬಿಕೊಂಡಿದೆ. ಒಂದು ತೋಟದ ಕಸ, ಇನ್ನೊಂದು ಕಾಡಿನ ಕಳೆ. ಇವೆರಡರಿಂದಲೂ ಚೀಲ, ಬುಟ್ಟಿ, ಚಾಪೆ, ಪೀಠೋಪಕರಣ, ಅಲಂಕಾರಿಕ ವಸ್ತುಗಳನ್ನು ಕೈಯಿಂದ ತಯಾರಿಸಬಹುದೆಂಬುದು ಇಂದು ಹೊಸ ಸಂಗತಿಯಲ್ಲ. ಆದರೆ ಇಂತಹ ಘಟಕಗಳು ಉತ್ಸಾಹದಿಂದ ಆರಂಭಗೊಂಡು ಕೆಲವೇ ವರ್ಷಗಳಲ್ಲಿ ಸೊರಗುವುದೂ ಅಪರೂಪವಲ್ಲ. ವಸ್ತುವಿನ ಗುಣ ಚೆನ್ನಾಗಿದ್ದು, ಗ್ರಾಹಕರೂ ಇದ್ದು ಘಟಕ ನಷ್ಟಕ್ಕೆ ಬೀಳುವುದಾದರೆ ದೋಷವನ್ನು ಬೆಲೆ ಕಟ್ಟುವ ಕ್ರಮದಲ್ಲಿ ಹುಡುಕಬೇಕಾಗುತ್ತದೆ. ‘ಕಚ್ಚಾವಸ್ತು ಬಿಟ್ಟಿ ಸಿಗುತ್ತದೆ, ಆದ್ದರಿಂದ ಅಗ್ಗವಾಗಿ ಮಾರಬಹುದು’ ಎಂಬ ಎಣಿಕೆಯೇ ಈ ಉದ್ಯಮದ ಮೊದಲ ತಪ್ಪು.

ಜಿಲ್ಲೆಯಲ್ಲಿ ನಡೆದಿರುವ ಪ್ರಯತ್ನ

ಲಂಟಾನ ಮಧ್ಯ ಮತ್ತು ದಕ್ಷಿಣ ಅಮೆರಿಕದ ಮೂಲದ ಗಿಡ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ಭಾರತಕ್ಕೆ ತಂದದ್ದು ಮುಂದೆ ದೇಶದ ಅನೇಕ ಕಾಡುಗಳನ್ನು ಆವರಿಸಿತು. ಬಿದಿರಿನ ಅಭಾವದಿಂದ ಬುಟ್ಟಿ ಹೆಣೆಯುವವರ ಕಸುಬು ಕಷ್ಟಕ್ಕೆ ಸಿಲುಕಿದ್ದ ಕಾಲದಲ್ಲಿ, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆಯಾದ ಏಟ್ರೀ 2004ರಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನ ಕರಕುಶಲ ತರಬೇತಿಯನ್ನು ಆರಂಭಿಸಿತು. ಸೋಲಿಗ ಕುಟುಂಬಗಳೂ ಸೇರಿದಂತೆ ಸ್ಥಳೀಯರು ಲಂಟಾನ ಕಡ್ಡಿಯನ್ನು ಬಿದಿರು ಮತ್ತು ಬೆತ್ತದ ಬದಲಿಗೆ ಬಳಸಿ ಕುರ್ಚಿ, ಮೇಜು, ಬುಟ್ಟಿಗಳನ್ನು ಮಾಡಲು ಕಲಿತರು. ಕಡ್ಡಿಯನ್ನು ಕುದಿಸಿ, ತೊಗಟೆ ಸುಲಿದು, ಬಿಸಿಯಿರುವಾಗಲೇ ಬೇಕಾದ ಆಕಾರಕ್ಕೆ ಬಾಗಿಸುವುದು ಇದರ ವಿಧಾನ. ಗೆದ್ದಲು ಸುಲಭವಾಗಿ ಹಿಡಿಯದಿರುವುದು ಈ ಕಡ್ಡಿಯ ದೊಡ್ಡ ಗುಣ.

ಗುಂಡ್ಲುಪೇಟೆಯಿಂದ ಬಂಡೀಪುರ ಮತ್ತು ಮುದುಮಲೆಯನ್ನು ದಾಟಿದರೆ ಸಿಗುವ ತಮಿಳುನಾಡಿನ ಗೂಡಲೂರಿನಲ್ಲಿ ಇದೇ ಕಡ್ಡಿ ಬೇರೊಂದು ದಾರಿ ಹಿಡಿಯಿತು. ಅಲ್ಲಿನ ಆದಿವಾಸಿ ಕುಶಲಕರ್ಮಿಗಳು ಲಂಟಾನದಿಂದ ನಿಜಗಾತ್ರದ ಆನೆಗಳನ್ನು ನಿರ್ಮಿಸಿದರು. ಆ ಆನೆಗಳು 2021ರಲ್ಲಿ ಲಂಡನ್ ನಗರದ ಉದ್ಯಾನಗಳಲ್ಲಿ ನಿಂತವು. 2024ರಲ್ಲಿ ಇಂತಹ ನೂರು ಆನೆಗಳ ಹಿಂಡು ಅಮೆರಿಕದಲ್ಲಿ ಪ್ರದರ್ಶನ ಸಂಚಾರ ಹೊರಟಿತು. ಕಳೆ ಎರಡೂ ಕಡೆ ಒಂದೇ. ಆದರೆ ಬುಟ್ಟಿಗೆ ಬರುವ ಬೆಲೆಗೂ ಆನೆಗೆ ಬರುವ ಬೆಲೆಗೂ ಹೋಲಿಕೆಯೇ ಇಲ್ಲ. ಗ್ರಾಹಕನು ಹಣ ಕೊಡುವುದು ಕಡ್ಡಿಗಲ್ಲ, ಅದರಲ್ಲಿ ಸೇರಿರುವ ಕೈಕೆಲಸ ಮತ್ತು ವಿನ್ಯಾಸಕ್ಕೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬಿಟ್ಟಿ ವಸ್ತುವಿನ ಹಿಂದಿರುವ ವೆಚ್ಚ

ಬಾಳೆದಿಂಡಿನ ಲೆಕ್ಕವನ್ನು ನೋಡಬಹುದು. ದಿಂಡಿನ ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ನೀರೇ ಇರುತ್ತದೆ. ದೊರೆಯುವ ಒಣನಾರು ಸುಮಾರು ಶೇ. 1ರಷ್ಟು ಮಾತ್ರ. ಅಂದರೆ 10 ಕೆ.ಜಿ. ನಾರಿಗೆ ಸುಮಾರು ಒಂದು ಟನ್ ದಿಂಡು ಬೇಕು. ತೆರಕಣಾಂಬಿಯ ತೋಟದಿಂದ ಚಾಮರಾಜನಗರದ ಘಟಕಕ್ಕೆ ದಿಂಡನ್ನೇ ಸಾಗಿಸುವ ಉದ್ಯಮಿಯು ವಾಸ್ತವವಾಗಿ ನೀರಿಗೆ ಬಾಡಿಗೆ ಕಟ್ಟುತ್ತಾನೆ. ಆದ್ದರಿಂದ ನಾರು ತೆಗೆಯುವ ಯಂತ್ರವೇ ತೋಟದ ಬಳಿಗೆ ಹೋಗುವುದು, ಇಲ್ಲವೇ ಒಂದೇ ಹೋಬಳಿಯ ತೋಟಗಳಿಗೆ ಸೀಮಿತವಾಗಿ ಘಟಕವನ್ನು ಸ್ಥಾಪಿಸುವುದು ಲಾಭದಾಯಕ. ದಿಂಡನ್ನು ಕಡಿದ ಒಂದೆರಡು ದಿನಗಳೊಳಗೆ ನಾರು ತೆಗೆಯದಿದ್ದರೆ ಬಣ್ಣ ಕಂದಿ ದರ್ಜೆ ಇಳಿಯುತ್ತದೆ. ಹೊರಪದರದ ನಾರು ಒರಟು, ಒಳಪದರದ್ದು ನಯ. ಇವನ್ನು ಆರಂಭದಲ್ಲೇ ಬೇರ್ಪಡಿಸದಿದ್ದರೆ ಮುಂದೆ ನೇಯುವವರ ಸಮಯ ವ್ಯರ್ಥವಾಗುತ್ತದೆ.

ದಿಂಡು ರೈತನಿಗೂ ಪೂರ್ಣ ಕಸವಲ್ಲ. ಅದು ಮಣ್ಣಿಗೆ ಮರಳಿ ಪೊಟ್ಯಾಷ್ ಅಂಶವನ್ನು ಒದಗಿಸುತ್ತದೆ. ನಾಲ್ಕಾರು ಘಟಕಗಳು ತಲೆಯೆತ್ತಿದೊಡನೆ ರೈತರು ದಿಂಡಿಗೆ ಬೆಲೆ ಕೇಳುವುದು ಸಹಜವೂ ನ್ಯಾಯವೂ ಹೌದು. ನಾರು ತೆಗೆದ ಬಳಿಕ ಉಳಿಯುವ ತಿರುಳನ್ನು ಗೊಬ್ಬರಕ್ಕಾಗಿ ತೋಟಕ್ಕೇ ಹಿಂದಿರುಗಿಸುವ ಒಪ್ಪಂದ ಮಾಡಿಕೊಂಡರೆ ಸಂಬಂಧ ಬಾಳುತ್ತದೆ. ದಿಂಡಿನ ರಸದಿಂದ ದ್ರವರೂಪದ ಸಾವಯವ ಗೊಬ್ಬರ ತಯಾರಿಸುವ ವಿಧಾನವನ್ನು ಗುಜರಾತಿನ ನವಸಾರಿ ಕೃಷಿ ವಿಶ್ವವಿದ್ಯಾಲಯವು ರೂಪಿಸಿದೆ. ಬಾಳೆಯ ಉಪಉತ್ಪನ್ನಗಳ ಕುರಿತ ಮಾಹಿತಿಗೆ ತಿರುಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರವನ್ನು ಸಂಪರ್ಕಿಸಬಹುದು.

ಲಂಟಾನದ ವಿಷಯದಲ್ಲಿ ಅನುಮತಿಯೇ ಮೊದಲ ಪ್ರಶ್ನೆ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಇವೆಲ್ಲವೂ ಸಂರಕ್ಷಿತ ಅರಣ್ಯಗಳು. ಕಳೆಯೇ ಆಗಿದ್ದರೂ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ವ್ಯಾಪಾರಿಯೊಬ್ಬನು ಅಲ್ಲಿಂದ ಕಡ್ಡಿ ತರುವಂತಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಮುದಾಯ ಹಕ್ಕುಗಳು ದೊರೆತಿವೆ. ಇಂತಹ ಕಡೆಗಳಲ್ಲಿ ಸಮುದಾಯದ ಸಂಘಗಳೊಡನೆ ನೇರ ಒಡಂಬಡಿಕೆ ಮಾಡಿಕೊಂಡು, ಸುಲಿದು ಸಿದ್ಧಪಡಿಸಿದ ಕಡ್ಡಿಯನ್ನು ನ್ಯಾಯವಾದ ಬೆಲೆಗೆ ಕೊಳ್ಳುವುದು ಸೂಕ್ತ ಮಾರ್ಗ.

ಒಂದು ಚೀಲದ ಲೆಕ್ಕ

ಬೆಲೆ ಕಟ್ಟುವ ಕ್ರಮವನ್ನು ಕಾಲ್ಪನಿಕ ಅಂಕಿಗಳ ಮೂಲಕ ಪರಿಶೀಲಿಸಬಹುದು. ಪ್ರತಿಯೊಬ್ಬ ಉದ್ಯಮಿಯೂ ತನ್ನ ಘಟಕದ ನೈಜ ಅಂಕಿಗಳನ್ನು ಇದರಲ್ಲಿ ತುಂಬಿಕೊಳ್ಳಬೇಕು.

ಬಾಳೆನಾರಿನ ಒಂದು ಕೈಚೀಲಕ್ಕೆ ನಾರು 40 ರೂ., ಒಳಬಟ್ಟೆ, ಹಿಡಿ ಮತ್ತು ಬಣ್ಣಕ್ಕೆ 60 ರೂ. ಎಂದಿಟ್ಟುಕೊಳ್ಳೋಣ. ನೇಯ್ದು ಹೊಲಿಯಲು 5 ಗಂಟೆ ಹಿಡಿಯುತ್ತದೆ. ಗಂಟೆಗೆ 60 ರೂ.ನಂತೆ ಕೂಲಿ 300 ರೂ. ಅಲ್ಲಿಗೆ 400 ರೂ. ಹತ್ತು ಚೀಲಗಳಲ್ಲಿ ಒಂದು ಮಾರಾಟಕ್ಕೆ ಯೋಗ್ಯವಾಗದೆ ಉಳಿದರೆ ಅದರ ವೆಚ್ಚವನ್ನು ಉಳಿದ ಒಂಬತ್ತೇ ಹೊರಬೇಕು. ಆಗ ಒಂದಕ್ಕೆ ಸುಮಾರು 445 ರೂ. ಬಾಡಿಗೆ, ವಿದ್ಯುತ್, ಯಂತ್ರದ ಸವಕಳಿ ಮತ್ತು ಸಾಲದ ಬಡ್ಡಿಗೆ 50 ರೂ., ಕಟ್ಟುವಿಕೆ ಮತ್ತು ಸಾಗಣೆಗೆ 30 ರೂ. ಸೇರಿದರೆ ಉತ್ಪಾದನಾ ವೆಚ್ಚ 525 ರೂ. ಆಗುತ್ತದೆ. ಇದರ ಮೇಲೆ 75 ರೂ. ಲಾಭವಿಟ್ಟರೆ ಸಗಟು ಬೆಲೆ 600 ರೂ. ಅಂಗಡಿಯವನು ಮಾರಾಟ ಬೆಲೆಯಲ್ಲಿ ಶೇ. 40ರಷ್ಟು ತನ್ನ ಪಾಲು ಇಟ್ಟುಕೊಂಡರೆ ಗ್ರಾಹಕನಿಗೆ ಅದು 1,000 ರೂ.

ಬಿಟ್ಟಿ ನಾರಿನ ಭರವಸೆಯಲ್ಲಿ ಇದೇ ಚೀಲವನ್ನು 250 ರೂ.ಗೆ ಒಪ್ಪಿಕೊಂಡರೆ ಪ್ರತಿ ಚೀಲಕ್ಕೆ 275 ರೂ. ನಷ್ಟ. ನೂರು ಚೀಲಗಳ ಬೇಡಿಕೆ ಬಂದರೆ ಅದು ಸಂತೋಷದ ಸುದ್ದಿಯಲ್ಲ, 27,500 ರೂ. ನಷ್ಟದ ಸುದ್ದಿ. ಈ ನಷ್ಟ ತಕ್ಷಣ ಕಾಣಿಸುವುದಿಲ್ಲ. ಏಕೆಂದರೆ ಅದನ್ನು ಭರಿಸುವವರು ಮನೆಯ ಹೆಣ್ಣುಮಕ್ಕಳು ಮತ್ತು ಸ್ವಸಹಾಯ ಸಂಘದ ಸದಸ್ಯೆಯರು. ಅವರ ದುಡಿಮೆಯ ಗಂಟೆಗಳು ಯಾವ ಪುಸ್ತಕದಲ್ಲಿಯೂ ದಾಖಲಾಗಿರುವುದಿಲ್ಲ. ಒಂದು ದಿನ ಅವರು ಕಳೆ ಕೀಳುವ ಕೂಲಿಗೆ ಹೋದರೆ ಹೆಚ್ಚು ಸಿಗುತ್ತದೆಂದು ಅರಿತು ಹೊರಟುಹೋಗುತ್ತಾರೆ. ಘಟಕಕ್ಕೆ ಬೀಗ ಬೀಳುತ್ತದೆ, ಸಾಲ ಮಾತ್ರ ಉಳಿಯುತ್ತದೆ.

ಮೇಲಿನ ಲೆಕ್ಕದಲ್ಲಿ ಗಮನಿಸಬೇಕಾದ ಮತ್ತೊಂದು ಅಂಶವಿದೆ. 600 ರೂ. ಬೆಲೆಯಲ್ಲಿ ನಾರಿನ ಪಾಲು ಕೇವಲ 40 ರೂ. ಅದು ಪೂರ್ತಿ ಬಿಟ್ಟಿಯಾದರೂ ಉಳಿತಾಯ ಅತ್ಯಲ್ಪ. ಆದರೆ ಐದು ಗಂಟೆಯ ಕೆಲಸವನ್ನು ನಾಲ್ಕು ಗಂಟೆಗೆ ಇಳಿಸಿದರೆ 60 ರೂ. ಉಳಿಯುತ್ತದೆ. ನಾರನ್ನು ಮುಂಚೆಯೇ ದರ್ಜೆವಾರು ವಿಂಗಡಿಸುವುದು, ಒಂದೇ ಅಳತೆಯ ಮರದ ಅಚ್ಚುಗಳನ್ನು ಬಳಸುವುದು, ಜಡೆ ಹೆಣೆಯುವವರು ಬೇರೆ, ಹೊಲಿಯುವವರು ಬೇರೆ ಎಂದು ಕೆಲಸ ಹಂಚುವುದು ಇದಕ್ಕೆ ದಾರಿ. ಉದ್ಯಮಿಯ ಬುದ್ಧಿ ಖರ್ಚಾಗಬೇಕಾದದ್ದು ಇಲ್ಲಿ. ದಿಂಡಿನ ಬೆಲೆಯ ಚೌಕಾಸಿಯಲ್ಲಲ್ಲ.

ಮಳೆ, ದಾಸ್ತಾನು ಮತ್ತು ಸಾಗಣೆ

ನಾರು ತೇವವನ್ನು ಹೀರಿ ಬೂಷ್ಟು ಹಿಡಿಯುವ ವಸ್ತು. ಈ ಜಿಲ್ಲೆಗೆ ಮುಂಗಾರಿನ ಜೊತೆಗೆ ಸೆಪ್ಟೆಂಬರ್‌-ಅಕ್ಟೋಬರ್‌ ತಿಂಗಳುಗಳಲ್ಲಿಯೂ ಒಳ್ಳೆಯ ಮಳೆ ಬೀಳುತ್ತದೆ. ದಸರಾ ಮತ್ತು ದೀಪಾವಳಿಯ ಬೇಡಿಕೆ ಬರುವುದೂ ಅದೇ ವೇಳೆಗೆ. ಆದ್ದರಿಂದ ಬೇಸಿಗೆಯಲ್ಲಿಯೇ ನಾರನ್ನು ಒಣಗಿಸಿ, ನೆಲದಿಂದ ಎತ್ತರದ ಅಟ್ಟಣೆಯಲ್ಲಿ ದಾಸ್ತಾನು ಮಾಡಿಕೊಳ್ಳಬೇಕು. ಆ ದಾಸ್ತಾನಿಗೆ ತೊಡಗುವ ಬಂಡವಾಳವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಕೊರಿಯರ್ ಸಂಸ್ಥೆಗಳು ಹಗುರವಾದ ಆದರೆ ಹೆಚ್ಚು ಜಾಗ ಹಿಡಿಯುವ ಸರಕಿಗೆ ಗಾತ್ರದ ಮೇಲೆ ದರ ವಿಧಿಸುತ್ತವೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಸಾಮಾನ್ಯ ಪದ್ಧತಿ. 40, 30, 30 ಸೆಂ.ಮೀ. ಅಳತೆಯ ಪೆಟ್ಟಿಗೆಯಲ್ಲಿರುವ ಬುಟ್ಟಿ ಒಂದೇ ಕೆ.ಜಿ. ತೂಗಿದರೂ 7.2 ಕೆ.ಜಿ.ಯ ದರ ತೆರಬೇಕಾಗುತ್ತದೆ. ಒಂದರೊಳಗೊಂದು ಕೂರುವ ಬುಟ್ಟಿ ಮತ್ತು ಮಡಚಬಹುದಾದ ಚೀಲಗಳ ವಿನ್ಯಾಸಕ್ಕೆ ಇದೇ ಕಾರಣದಿಂದ ಮಹತ್ವ. ಗುಂಡ್ಲುಪೇಟೆಯಿಂದ ಕೇರಳ ಮತ್ತು ಊಟಿಯ ಕಡೆಗೆ ಸರಕು ಕಳುಹಿಸುವವರು ಬಂಡೀಪುರದ ರಸ್ತೆಗಳಲ್ಲಿ 2009ರಿಂದ ಜಾರಿಗೆ ಬಂದ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿರ್ಬಂಧವನ್ನೂ ಗಮನದಲ್ಲಿರಿಸಿಕೊಂಡು ವಾಯಿದೆ ಒಪ್ಪಿಕೊಳ್ಳಬೇಕು.

ನೋಂದಣಿ, ತೆರಿಗೆ ಮತ್ತು ವಸೂಲಿ

ರಾಜ್ಯದೊಳಗೆ ಸರಕು ಮಾತ್ರ ಮಾರುವ ಘಟಕದ ವಾರ್ಷಿಕ ವಹಿವಾಟು 40 ಲಕ್ಷ ರೂ. ಮೀರದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಹೊರರಾಜ್ಯಕ್ಕೆ ಮಾರುವವರಿಗೆ ನೋಂದಣಿ ಬೇಕೆಂಬುದು ಸಾಮಾನ್ಯ ನಿಯಮವಾದರೂ, ಅಧಿಸೂಚಿತ ಕರಕುಶಲ ವಸ್ತುಗಳಿಗೆ 20 ಲಕ್ಷ ರೂ. ವಹಿವಾಟಿನವರೆಗೆ ವಿನಾಯಿತಿಯಿದೆ. ಹುಲ್ಲು, ಜೊಂಡು ಮತ್ತು ನಾರಿನ ವಸ್ತುಗಳು ಆ ಪಟ್ಟಿಯಲ್ಲಿವೆ. ಆದರೆ ಪ್ಯಾನ್ ಸಂಖ್ಯೆ ಇರಬೇಕು, ಸರಕಿನ ಮೌಲ್ಯ ಎಷ್ಟೇ ಇರಲಿ ಇ-ವೇ ಬಿಲ್ ಪಡೆಯಬೇಕು. 2025ರ ಸೆಪ್ಟೆಂಬರ್ 22ರಿಂದ ಹಲವು ಕರಕುಶಲ ವಸ್ತುಗಳ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ತಮ್ಮ ವಸ್ತು ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ತೆರಿಗೆ ಸಲಹೆಗಾರರಲ್ಲಿ ಖಚಿತಪಡಿಸಿಕೊಳ್ಳುವುದು ಒಳಿತು.

ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಅದರಿಂದ ದೊರೆಯುವ ಮುಖ್ಯ ರಕ್ಷಣೆಯೆಂದರೆ ವಸೂಲಿಯದು. 2006ರ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಕೊಂಡವರು ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಪಾವತಿಸಬೇಕು. ‘ಮಾರಾಟವಾದ ಮೇಲೆ ಹಣ’ ಎಂಬ ಷರತ್ತಿನಲ್ಲಿ ಸರಕು ಬಿಟ್ಟುಬರುವ ಉತ್ಪಾದಕನಿಗೆ ಈ ರಕ್ಷಣೆ ಸುಲಭವಾಗಿ ಒದಗುವುದಿಲ್ಲ. ಆದ್ದರಿಂದ ಅಂಗಡಿ, ರೆಸಾರ್ಟ್‌ಗಳೊಡನೆ ವ್ಯವಹರಿಸುವಾಗ ಖರೀದಿ ಆದೇಶವನ್ನು ಬರಹದಲ್ಲಿ ಪಡೆಯುವುದು ಅತ್ಯವಶ್ಯ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ-ಚಾಪೆ ಹೆಣೆಯುವವರೂ ಸೇರಿದ್ದು, ಉಪಕರಣಗಳಿಗೆ 15,000 ರೂ.ವರೆಗೆ ನೆರವು ಮತ್ತು ಶೇ. 5ರ ಬಡ್ಡಿದರದ ಸಾಲಕ್ಕೆ ಅವಕಾಶವಿದೆ.

ಹೇಳಿಕೆಯಲ್ಲಿ ಸತ್ಯವಿರಲಿ

ಗ್ರಾಹಕನು ಇಂತಹ ವಸ್ತುವಿಗೆ ಹೆಚ್ಚು ಬೆಲೆ ಕೊಡುವುದು ಅದರ ಹಿನ್ನೆಲೆಯನ್ನು ನಂಬಿ. ಒಳಪದರಕ್ಕೆ ಪ್ಲಾಸ್ಟಿಕ್ ಹಾಳೆ ಹಾಕಿ ‘ಸಂಪೂರ್ಣ ಪರಿಸರಸ್ನೇಹಿ’ ಎಂದು ಚೀಟಿ ಅಂಟಿಸುವುದು ವಿಶ್ವಾಸಕ್ಕೆ ಕೊಡಲಿಪೆಟ್ಟು. ಆಧಾರವಿಲ್ಲದ ಪರಿಸರಸಂಬಂಧಿ ಹೇಳಿಕೆಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿದೆ. ಯಾವ ಭಾಗ ಬಾಳೆನಾರು, ಯಾವ ಭಾಗ ಹತ್ತಿ, ಎಲ್ಲಿ ತಯಾರಾಯಿತು ಎಂಬಿಷ್ಟನ್ನು ಸರಳವಾಗಿ ಮುದ್ರಿಸಿದರೆ ಸಾಕು.

ಕಸದಿಂದ ರಸ ತೆಗೆಯುವ ಮಾತು ಕೇಳಲು ಹಿತವಾಗಿದೆ. ಆ ರಸ ಬರುವುದು ಕಸದಿಂದಲ್ಲ, ದುಡಿಯುವ ಕೈಗಳಿಂದ. ಹೊಸ ಘಟಕ ಆರಂಭಿಸುವವರು ಯಂತ್ರ ಕೊಳ್ಳುವ ಮುನ್ನ ಹತ್ತು ಚೀಲಗಳನ್ನು ತಯಾರಿಸಿ, ಪ್ರತಿಯೊಂದಕ್ಕೂ ಹಿಡಿದ ಗಂಟೆಗಳನ್ನು ಗಡಿಯಾರ ನೋಡಿ ಬರೆದಿಟ್ಟು, ಪೂರ್ಣ ಕೂಲಿ ಸೇರಿಸಿದ ಬೆಲೆಗೆ ಅವನ್ನು ಮಾರಿ ನೋಡಬೇಕು. ಆ ಬೆಲೆಗೆ ಗ್ರಾಹಕರು ದೊರೆತರೆ ಸಾಲಕ್ಕೆ ಅರ್ಜಿ ಹಾಕಬಹುದು. ದೊರೆಯದಿದ್ದರೆ ಬದಲಾಗಬೇಕಾದದ್ದು ವಿನ್ಯಾಸವೋ ಮಾರುಕಟ್ಟೆಯೋ ಹೊರತು ಕೂಲಿಯಲ್ಲ.