ಸೋಲೂರು ಯಾವ ಜಿಲ್ಲೆಯಲ್ಲಿದೆ?

ಮಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುವವರು ಸೋಲೂರನ್ನು ನಿದ್ದೆಯಲ್ಲೇ ದಾಟಿಬಿಡುತ್ತಾರೆ. ಹಾಸನ, ಚನ್ನರಾಯಪಟ್ಟಣ, ಯಡಿಯೂರು, ಕುಣಿಗಲ್ ಆದ ಮೇಲೆ, ನೆಲಮಂಗಲ ಬರುವುದಕ್ಕೆ ಮೊದಲು ಸಿಗುವ ಊರು ಅದು. ಬೆಂಗಳೂರಿಗೆ ಅಲ್ಲಿಂದ ಐವತ್ತು ಕಿಲೋಮೀಟರಿನ ಆಸುಪಾಸು. ಒಂದು ಹೋಬಳಿ ಕೇಂದ್ರ, ಒಂದು ರೈಲು ನಿಲ್ದಾಣ, ಹೆದ್ದಾರಿಯ ಬದಿಯಲ್ಲಿ ಹೋಟೆಲು, ಅಂಗಡಿಗಳು. ಇಷ್ಟು ಚಿಕ್ಕ ಊರಿನ ವಿಳಾಸ ಬರೆಯುವುದರಲ್ಲಿ ಏನು ಕಷ್ಟ ಎಂದು ನೀವು ಕೇಳಬಹುದು. ನನ್ನ ಖಾಲಾನ ಮನೆ ಅಲ್ಲಿದೆ. ಆ ಕಷ್ಟವನ್ನು ನಾವು ಎರಡು ಸಲ ಅನುಭವಿಸಿದ್ದೇವೆ.

ಮೊದಲನೆಯದು ಖಾಲಾನ ಮಗಳ ಮದುವೆಯಲ್ಲಿ. 2016ರ ಮಾತು. ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವಾಗ ಮನೆಯವರು ಅಣ್ಣನ ಮದುವೆಯ ಹಳೆಯ ಕಾರ್ಡನ್ನೇ ಕೊಟ್ಟು, ಹೆಸರು ಮತ್ತು ದಿನಾಂಕ ಬದಲಿಸಿರೆಂದರು. ವಿಳಾಸ ಹಾಗೆಯೇ ಉಳಿಯಿತು: ‘ರಾಷ್ಟ್ರೀಯ ಹೆದ್ದಾರಿ 48, ಸೋಲೂರು’. ಹಳೆಯ ಕಾಲಕ್ಕೆ ಅದು ಸರಿಯೇ. ನೆಲಮಂಗಲದಿಂದ ಹಾಸನದ ಮೂಲಕ ಮಂಗಳೂರಿಗೆ ಹೋಗುವ ದಾರಿಯನ್ನು ಎಲ್ಲರೂ 48 ಎಂದೇ ಕರೆಯುತ್ತಿದ್ದರು. ಆದರೆ 2010ರಲ್ಲಿ ಸರಕಾರ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಿತು. ಸೋಲೂರಿನ ರಸ್ತೆ 75 ಆಯಿತು. 48 ಎಂಬ ಸಂಖ್ಯೆ ಹೋಗಿ ಕುಳಿತದ್ದು ತುಮಕೂರು ರಸ್ತೆಯ ಮೇಲೆ, ಅಂದರೆ ನಾವು ಹಿಂದೆ 4 ಎನ್ನುತ್ತಿದ್ದ ಪುಣೆ ಹೆದ್ದಾರಿಯ ಮೇಲೆ. ಎರಡೂ ಕೂಡುವುದು ನೆಲಮಂಗಲದಲ್ಲೇ!

ಶಿವಮೊಗ್ಗದಿಂದ ವ್ಯಾನು ಮಾಡಿಕೊಂಡು ಬಂದ ನಮ್ಮವರು ತುಮಕೂರು ದಾಟಿದ ಮೇಲೆ 48ರ ಫಲಕಗಳನ್ನು ನೋಡುತ್ತಾ ನಿಶ್ಚಿಂತೆಯಿಂದ ಬಂದರು. ನೆಲಮಂಗಲ ತಲುಪಿ ಯಾರನ್ನೋ ಕೇಳಿದಾಗಲೇ ತಾವಿರುವುದು ಬೇರೆಯೇ ರಸ್ತೆ ಎಂದು ತಿಳಿದದ್ದು. ಝುಹರ್ ನಮಾಝಿನ ನಂತರ ನಿಕಾಹ್ ಎಂದಿತ್ತು. ಹುಡುಗಿಯ ವಕೀಲರಾಗಬೇಕಿದ್ದ ದೊಡ್ಡ ಮಾಮು ಆ ವ್ಯಾನಿನಲ್ಲೇ ಇದ್ದರು. ಗಂಡಿನ ಕಡೆಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರೆ ಖಾಲಾ ಅಡುಗೆ ಮನೆಯ ಮೂಲೆಯಲ್ಲಿ ನಿಂತು ದುಆ ಮಾಡುತ್ತಿದ್ದರು. ಅಸರ್‌ನ ಹೊತ್ತಿಗೆ ವ್ಯಾನು ಬಂತು. ಬಿರಿಯಾನಿ ತಣ್ಣಗಾಗಿದ್ದರೂ ಮನಸ್ಸುಗಳು ತಣ್ಣಗಾಗಲಿಲ್ಲ. ಆ ಮಾತು ಇಂದಿಗೂ ನಮ್ಮ ಮನೆಯಲ್ಲಿ ಬರುತ್ತದೆ.

ಮದುವೆಯ ಎಡವಟ್ಟನ್ನು ನಕ್ಕು ಮರೆಯಬಹುದು. ಎರಡನೆಯದು ಹಾಗಲ್ಲ.

ಖಾಲಾ ಹಜ್ ಯಾತ್ರೆಯ ನಿಯ್ಯತ್ ಮಾಡಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಲು ಹೊರಟರು. ಅವರು ಹುಟ್ಟಿದ್ದೂ ಸೋಲೂರಿನಲ್ಲೇ, ಮದುವೆಯಾದದ್ದೂ ಅದೇ ಊರಿನಲ್ಲಿ, ಎರಡು ಬೀದಿ ಆಚೆ. ಜೀವಮಾನದಲ್ಲಿ ಊರು ಬಿಟ್ಟವರಲ್ಲ. ಕಾಗದಗಳನ್ನೆಲ್ಲ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಡಬ್ಬಿ ತೆರೆದು ಒಂದೊಂದನ್ನೇ ಚಾಪೆಯ ಮೇಲೆ ಹರಡಿದಾಗ ನನಗೆ ಆಶ್ಚರ್ಯವಾಯಿತು. 1970ರ ದಶಕದ ಅವರ ಶಾಲೆಯ ಪತ್ರದಲ್ಲಿ ‘ಬೆಂಗಳೂರು ಜಿಲ್ಲೆ’ ಎಂದಿತ್ತು. 1988ರಲ್ಲಿ ಹುಟ್ಟಿದ ಹಿರಿಯ ಮಗನ ಜನನ ಪತ್ರದಲ್ಲಿ ‘ಬೆಂಗಳೂರು ಗ್ರಾಮಾಂತರ’. 2010ರಲ್ಲಿ ಹುಟ್ಟಿದ ಮೊಮ್ಮಗನದ್ದರಲ್ಲಿ ‘ರಾಮನಗರ’. ಎಲ್ಲವೂ ಒಂದೇ ಊರು. ಎಲ್ಲವೂ ಸರಿ!

ಏಕೆಂದರೆ ಬೆಂಗಳೂರು ಜಿಲ್ಲೆ ನಗರ ಮತ್ತು ಗ್ರಾಮಾಂತರ ಎಂದು ಒಡೆದದ್ದು 1986ರಲ್ಲಿ. ಗ್ರಾಮಾಂತರದಿಂದ ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರ ತಾಲೂಕುಗಳನ್ನು ಬೇರ್ಪಡಿಸಿ ರಾಮನಗರ ಜಿಲ್ಲೆ ಮಾಡಿದ್ದು 2007ರ ಆಗಸ್ಟಿನಲ್ಲಿ. ಆಗ ಸೋಲೂರು ಮಾಗಡಿ ತಾಲೂಕಿನ ಹೋಬಳಿಯಾಗಿ ಆ ಕಡೆಗೆ ಹೋಯಿತು. ಮುಂದೆ 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ಸಚಿವ ಸಂಪುಟ ಒಪ್ಪಿತು. ಹೆಸರು ಬದಲಾಗುವುದು ಆ ಸೀಮೆಗೆ ಹೊಸದೇನಲ್ಲ. ರಾಮನಗರ ಪಟ್ಟಣವೇ ಟಿಪ್ಪು ಸುಲ್ತಾನರ ಕಾಲದಲ್ಲಿ ಶಂಸೇರಾಬಾದ್ ಆಗಿತ್ತು. ಆಮೇಲೆ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ಕ್ಲೋಸ್‌ಪೇಟೆಯಾಯಿತು. ಊರಿನವರು ಆ ಹೆಸರು ಬಿಟ್ಟು ಎಷ್ಟೋ ಕಾಲವಾದರೂ ಅಲ್ಲಿನ ಬಂಡೆಗಳನ್ನು ಭೂವಿಜ್ಞಾನಿಗಳು ಇನ್ನೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ.

‘ಬೆಂಗಳೂರು ದಕ್ಷಿಣ’ ಎಂಬ ಹೆಸರು ಮಾತ್ರ ನನಗೆ ಗೊಂದಲದ್ದೆನಿಸುತ್ತದೆ. ಜಯನಗರ, ಬಸವನಗುಡಿಗಳಿರುವ ಲೋಕಸಭಾ ಕ್ಷೇತ್ರಕ್ಕೂ ಅದೇ ಹೆಸರು, ಬೆಂಗಳೂರು ನಗರ ಜಿಲ್ಲೆಯ ಒಂದು ತಾಲೂಕಿಗೂ ಅದೇ ಹೆಸರು. ಸೋಲೂರಾದರೋ ಬೆಂಗಳೂರಿನ ಪಶ್ಚಿಮಕ್ಕಿದೆ.

ಖಾಲಾನ ಅರ್ಜಿ ತುಂಬಿಸಿದ ಹುಡುಗ ಇದೊಂದನ್ನೂ ಕೇಳಲಿಲ್ಲ. ‘ಬೆಂಗಳೂರು ಎಂದು ಹಾಕಿದರೆ ಆಯಿತು ಬಿಡಿ’ ಎಂದ. ಅಷ್ಟೇ ಅಲ್ಲ, ಸೋಲೂರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಓ’ ಅಕ್ಷರ ಇರಬೇಕಾದಲ್ಲಿ ‘ಯು’ ಒತ್ತಿದ. ಆಗ ಅದು ತಮಿಳುನಾಡಿನ ಕೊಯಮತ್ತೂರಿನ ಬಳಿಯ, ವಾಯುಪಡೆಯ ನೆಲೆಯಿರುವ ಸೂಲೂರು ಆಗುತ್ತದೆ! ಖಾಲಾಗೆ ಇಂಗ್ಲಿಷ್ ಬಾರದು. ತೋರಿಸಿದಲ್ಲಿ ಸಹಿ ಮಾಡಿದರು. ಕಚೇರಿಯಲ್ಲಿ ಶಾಲೆಯ ಪತ್ರಕ್ಕೂ ಅರ್ಜಿಗೂ ತಾಳೆಯಾಗದೆ ಅರ್ಜಿ ಅಲ್ಲೇ ನಿಂತಿತು. ಆ ವರ್ಷದ ಹಜ್ ಅರ್ಜಿಯ ಕೊನೆಯ ದಿನವೂ ಕಳೆದುಹೋಯಿತು.

ನಮ್ಮ ಹೆಣ್ಣು ಮಕ್ಕಳಿಗೆ ಇದು ಹೆಚ್ಚು ತಟ್ಟುತ್ತದೆ. ಮದುವೆಯಾದೊಡನೆ ವಿಳಾಸ ಬದಲಾಗುವುದು ಅವರದ್ದು. ಪಡಿತರ ಚೀಟಿಯಿಂದ ಹೆಸರು ತೆಗೆಸಿ ಇನ್ನೊಂದಕ್ಕೆ ಸೇರಿಸಬೇಕಾದವರೂ ಅವರೇ. ಈ ಓಡಾಟವನ್ನು ಗಂಡಸರು ‘ಆಮೇಲೆ ನೋಡೋಣ’ ಎಂದು ಮುಂದೆ ಹಾಕುತ್ತಾರೆ.

ಮತದಾರರ ಪಟ್ಟಿಯನ್ನೇ ನೋಡಿ. ಕ್ಷೇತ್ರಗಳ ಮರುವಿಂಗಡಣೆಯ ನಂತರ 2008ರ ಚುನಾವಣೆಯಿಂದ ಸೋಲೂರು ಹೋಬಳಿ ನೆಲಮಂಗಲ ವಿಧಾನಸಭಾ ಕ್ಷೇತ್ರಕ್ಕೆ ಸೇರಿತು. ನೆಲಮಂಗಲ ಇರುವುದು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲಿ. ಮಾಗಡಿ ವಿಧಾನಸಭಾ ಕ್ಷೇತ್ರವೋ ಬೆಂಗಳೂರು ಗ್ರಾಮಾಂತರ ಲೋಕಸಭೆಗೆ ಸೇರಿದೆ. ಹಾಗಾಗಿ ಮಾಗಡಿ ಪೇಟೆಯ ಹುಡುಗಿ ಸೋಲೂರಿಗೆ ಸೊಸೆಯಾಗಿ ಬಂದರೆ, ‘ಒಂದೇ ತಾಲೂಕಲ್ಲವೇ’ ಎಂದು ಮನೆಯವರು ಸುಮ್ಮನಿದ್ದರೂ, ಅವಳ ಮತ ಎರಡು ಕ್ಷೇತ್ರ ದಾಟಬೇಕು. ಅದಕ್ಕೆ ನಮೂನೆ 8 ತುಂಬಬೇಕು. ಖಾಲಾನ ಸೊಸೆ ಹೀಗೆಯೇ ಬಂದವಳು. ಒಂದು ಚುನಾವಣೆಯಲ್ಲಿ ಸೋಲೂರಿನ ಮತಗಟ್ಟೆಯಲ್ಲಿ ಹೆಸರಿಲ್ಲದೆ ಕೈಗೂಸನ್ನು ಎತ್ತಿಕೊಂಡು ಮರಳಿದಳು. ಅವಳ ಹೆಸರು ಮಾಗಡಿಯ ಪಟ್ಟಿಯಲ್ಲೇ ಇತ್ತು. ‘ನಾನು ಚಿಕ್ಕಬಳ್ಳಾಪುರವನ್ನು ಕಣ್ಣಿನಿಂದ ನೋಡಿಲ್ಲ, ನನ್ನ ಓಟು ಮಾತ್ರ ಅಲ್ಲಿಗೆ ಹೋಗುತ್ತದೆ’ ಎಂದು ಖಾಲಾ ನಗುತ್ತಾರೆ.

ಶಾಸಕರು ಒಂದು ಕಡೆ, ತಹಶೀಲ್ದಾರರು ಇನ್ನೊಂದು ಕಡೆ ಎಂಬ ಈ ಅವಸ್ಥೆಯಿಂದಲೇ ಹೋಬಳಿಯನ್ನು ನೆಲಮಂಗಲ ತಾಲೂಕಿಗೆ ಸೇರಿಸಬೇಕೆಂಬ ಬೇಡಿಕೆ ಎದ್ದದ್ದು. ಆದ್ದರಿಂದ ಜಾತಿ, ಆದಾಯ ಪ್ರಮಾಣಪತ್ರಕ್ಕೋ ಮಕ್ಕಳ ವಿದ್ಯಾರ್ಥಿವೇತನಕ್ಕೋ ಅರ್ಜಿ ಹಾಕುವ ಮುನ್ನ ತಾಲೂಕಿನ ಹೆಸರನ್ನು ಬಾಯಿಪಾಠದಿಂದ ಬರೆಯದೆ, ನಾಡಕಚೇರಿಯಲ್ಲಿ ಅಂದಿನ ದಿನಕ್ಕೆ ಕೇಳಿ ಬರೆಯುವುದು ಒಳ್ಳೆಯದು. ಒಡವೆ ಮಾರಿ ‘ಬೆಂಗಳೂರಿಗೆ ಹತ್ತಿರ’ದ ಸೈಟು ಕೊಳ್ಳುವ ಅಕ್ಕಂದಿರಿಗೂ ಇದೇ ಮಾತು. ಬಣ್ಣದ ಜಾಹೀರಾತು ಬದಿಗಿಟ್ಟು ಸರ್ವೆ ನಂಬರು, ಗ್ರಾಮ, ಹೋಬಳಿ ಯಾವುದೆಂದು ನೋಡಿ. ಪಂಚಾಯತಿಯ ಸ್ವತ್ತಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ತೋರಿಸಿ ಎನ್ನಿ.

ಮರುವರ್ಷ ಖಾಲಾ ಅರ್ಜಿಯನ್ನು ಅಂಗಡಿಯಲ್ಲಿ ತುಂಬಿಸಲಿಲ್ಲ. ಪಿಯುಸಿ ಓದುತ್ತಿದ್ದ ಮೊಮ್ಮಗಳನ್ನು ಚಾಪೆಯ ಮೇಲೆ ಕೂರಿಸಿಕೊಂಡು, ಡಬ್ಬಿಯ ಕಾಗದಗಳನ್ನು ವರ್ಷದ ಪ್ರಕಾರ ಜೋಡಿಸಿ, ಯಾವ ವರ್ಷ ಯಾವ ಜಿಲ್ಲೆ ಎಂದು ನೋಟ್‌ಬುಕ್ಕಿನಲ್ಲಿ ಬರೆಸಿದರು. ಊರಿನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿಸಿದರು. ಪಾಸ್‌ಪೋರ್ಟ್ ಬಂದ ದಿನ ಮೊದಲು ನೋಡಿದ್ದು ತಮ್ಮ ಫೋಟೋವನ್ನಲ್ಲ. ಹುಟ್ಟಿದ ಸ್ಥಳದ ಸಾಲಿನ ಮೇಲೆ ಬೆರಳಿಟ್ಟು, ‘ಇಲ್ಲಿ ಓ ಇದೆಯಾ ಬೇಟಿ?’ ಎಂದು ಕೇಳಿದರು.